ಮೇಣದಬತ್ತಿ ಆರಿದ ಮೇಲೆ ನೀರೇಕೆ ಏರಿತು?



ಮಲೆನಾಡಿನ ಕಡೆಯಿಂದ ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಆರು ವರ್ಷದ ಮಗನಿಗೆ ಸದ್ಯಕ್ಕೆ ಮನೆಯಲ್ಲೇ ಪಾಠವಂತೆ. "ಅಕ್ಷರ, ಲೆಕ್ಕ ಹೇಗೋ ಕಲಿಸ್ತಿದೀನಿ. ವಿಜ್ಞಾನ ಅಂದ್ರೆ ಮಾತ್ರ ಕೈಕಾಲು ಆಡೋದಿಲ್ಲ. ನಾನು ಓದಿರೋದು ಎಸ್ಸೆಸ್ಸೆಲ್ಸಿ. ಪ್ರಯೋಗದ ಸಾಮಾನು ಎಲ್ಲಿಂದ ತರಲಿ?" ಎಂದು ಕೇಳಿದ್ದಾರೆ. ನಾನು ಓದಿರೋದೂ ಅಷ್ಟೇ ಕಣ್ರೀ! ಸಾಮಾನಿನ ಚಿಂತೆ ಬಿಡಿ, ಅದೆಲ್ಲ ನಿಮ್ಮ ಒಲೆಯ ಪಕ್ಕದಲ್ಲೇ ಇದೆ. ಆದರೆ ನಾನೊಂದು ತಪ್ಪು ಮಾಡಿದೆ. ಅದನ್ನೇ ಈ ಸಲ ಹೇಳಿಕೊಳ್ಳುತ್ತೇನೆ.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದು ಶಾಲೆಗಳೆಲ್ಲ ಮುಚ್ಚಿದವಲ್ಲ, ಆಗ ನನ್ನ ತಂಗಿಯ ಮಗಳು ನಮ್ಮಲ್ಲೇ ಉಳಿದಳು. ಆಗ ಅವಳಿಗೆ ಏಳು ವರ್ಷ. ಹೆಸರು ಬೇಡ, ಮನೆಯಲ್ಲಿ ನಾವೆಲ್ಲ ಕರೆಯೋದು ಪುಟ್ಟಿ ಅಂತ. ಬೆಳಿಗ್ಗೆ ತಿಂಡಿಯಾದ ಮೇಲೆ ಅಡಿಗೆಮನೆಯ ಕಟ್ಟೆಯೇ ನಮ್ಮ ಪಾಠಶಾಲೆ.

ಮೊದಲ ವಾರ ಅರಿಶಿನದ ಪಾಠ. ಒಂದು ಚಮಚ ಅರಿಶಿನಪುಡಿಯನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿದು ಒಣಗಿಸಿದೆವು. ಅದರ ಮೇಲೆ ಬಟ್ಟೆ ಸೋಪಿನ ನೀರಿನಲ್ಲಿ ಬೆರಳದ್ದಿ ಬರೆದರೆ ಅಕ್ಷರ ಕೆಂಪಗೆ ಮೂಡುತ್ತದೆ. ಆ ಕೆಂಪಿನ ಮೇಲೆ ನಿಂಬೆರಸ ಸವರಿದರೆ ಮತ್ತೆ ಹಳದಿ. ಪುಟ್ಟಿ ಮನೆಯಲ್ಲಿದ್ದದ್ದನ್ನೆಲ್ಲ ಆ ಕಾಗದಕ್ಕೆ ಮುಟ್ಟಿಸಿ ನೋಡಿದಳು. ಹುಣಿಸೆನೀರು, ಮಜ್ಜಿಗೆ, ತಿಳಿಸಾರು ಕೂಡ! ಹುಳಿಯಿದ್ದದ್ದು ಯಾವುದೂ ಬಣ್ಣ ಬದಲಿಸಲಿಲ್ಲ. ಬಟ್ಟೆಸೋಡಾ ಚೆನ್ನಾಗಿ ಕೆಂಪು ಮಾಡಿತು, ಅಡಿಗೆಸೋಡಾ ಸ್ವಲ್ಪವೇ. ನನ್ನ ಶಾಂಪೂ ಹಾಕಿದರೆ ಏನೂ ಆಗಲಿಲ್ಲ. ಸೋಪಿನ ಹಾಗೇ ನೊರೆ ಬರುತ್ತಲ್ಲ, ಇದಕ್ಕೇನಾಯ್ತು ಅಂತ ಅವಳಿಗೆ ಆಶ್ಚರ್ಯ. ಕ್ಷಾರ ಇದ್ದರೆ ಅರಿಶಿನ ಕೆಂಪಾಗುತ್ತದೆ, ಬಟ್ಟೆ ಸೋಪಿನಲ್ಲಿ ಅದಿದೆ, ಆ ಶಾಂಪೂವಿನಲ್ಲಿ ಇಲ್ಲ, ಅಷ್ಟೇ. ಸೀರೆಗೆ ಬಿದ್ದ ಸಾರಿನ ಕಲೆ ಸೋಪು ಹಚ್ಚಿದ ಕೂಡಲೇ ಕೆಂಪಾಗಿ, ಜಾಲಿಸಿದ ಮೇಲೆ ಮತ್ತೆ ಹಳದಿಯಾಗುವುದನ್ನು ನಾವೆಲ್ಲ ಎಷ್ಟು ಸಲ ನೋಡಿಲ್ಲ! ಆರತಿಯ ಓಕುಳಿ ನೀರು ಕೆಂಪಾಗೋದೂ ಅರಿಶಿನಕ್ಕೆ ಸುಣ್ಣ ಬಿದ್ದಾಗಲೇ. (ಮಕ್ಕಳ ಕೈಗೆ ಸುಣ್ಣ ಮಾತ್ರ ಕೊಡಬೇಡಿ ತಾಯಿ. ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಹಾಗೇನಾದರೂ ಆದರೆ ಒಂದು ಕ್ಷಣವೂ ತಡಮಾಡದೆ ಧಾರಾಳ ನೀರು ಹಾಕಿ ತೊಳೆಯುತ್ತಲೇ ಇರಿ, ಆಮೇಲೆ ಕಣ್ಣಿನ ಡಾಕ್ಟರರ ಹತ್ತಿರ ಓಡಿ.)

ಎರಡನೇ ವಾರ ಮೇಣದಬತ್ತಿ. ನಾನು ಶಾಲೆಯಲ್ಲಿ ನೋಡಿದ್ದ ಪ್ರಯೋಗ ಅದೊಂದೇ, ಹಾಗಾಗಿ ನನಗೆ ಅದರ ಮೇಲೆ ಸ್ವಲ್ಪ ಜಂಬ. ತಟ್ಟೆಯ ಮಧ್ಯೆ ಬೆರಳುದ್ದದ ಬತ್ತಿಯನ್ನು ಅದರದೇ ಮೇಣದಿಂದ ಅಂಟಿಸಿ, ಸುತ್ತ ಅರ್ಧ ಬೆರಳಿನಷ್ಟು ಬೀಟ್‌ರೂಟ್ ನೀರು ಹಾಕಿದೆ. ಬತ್ತಿ ಹಚ್ಚಿ ಅದರ ಮೇಲೆ ಗಾಜಿನ ಲೋಟ ಬೋರಲು ಹಾಕಿದೆ. ಉರಿ ಸಣ್ಣಗಾಯಿತು, ಆರಿತು. ಕೆಂಪು ನೀರು ಸರಸರನೆ ಲೋಟದೊಳಗೆ ಏರಿತು. ಮಗು ಚಪ್ಪಾಳೆ ತಟ್ಟಿತು. ನಮ್ಮ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಸಿದ್ದನ್ನೇ ನಾನು ಒಪ್ಪಿಸಿದೆ: "ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ. ಉರಿ ಅದನ್ನು ತಿಂದುಬಿಟ್ಟಿತು. ಖಾಲಿಯಾದ ಜಾಗಕ್ಕೆ ನೀರು ಬಂತು."

ಪುಟ್ಟಿ ಇನ್ನೊಂದು ಸಲ ಮಾಡಿಸಿದಳು. ಮೂರನೇ ಸಲ ತಟ್ಟೆಗೆ ಮೂಗು ತಾಗಿಸಿಕೊಂಡು ಕೂತಳು. ಆಮೇಲೆ ಕೇಳಿದಳು, "ದೊಡ್ಡಮ್ಮ, ಉರಿ ತಿಂತಾ ಇರೋವಾಗ ನೀರು ಸುಮ್ನೆ ಇತ್ತು. ಆರಿದ ಮೇಲೆ ಏರ್ತು. ತಿಂತಾ ತಿಂತಾನೇ ಏರ್ಬೇಕಿತ್ತಲ್ವಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಒಲೆ ಮೇಲೆ ಹಾಲು ಬೇರೆ ಇತ್ತು. "ಪುಸ್ತಕದಲ್ಲಿ ಹಾಗೇ ಇದೆ. ದೊಡ್ಡವರು ಹೇಳಿದ್ದನ್ನ ಕೇಳೋದು ಕಲಿ, ಅಧಿಕಪ್ರಸಂಗ ಸಾಕು" ಎಂದು ಗದರಿಬಿಟ್ಟೆ.

ಅಳಲಿಲ್ಲ ಅವಳು. ಸುಮ್ಮನೆ ಲೋಟ ತೊಳೆದಿಟ್ಟಳು. ನಾನೂ ಮರೆತೆ. ಮೂರು ದಿನ ಬಿಟ್ಟು ಕಿತ್ತಳೆಹಣ್ಣು ತಂದಿದ್ದೆವು. ಸಿಪ್ಪೆ ಸಮೇತ ನೀರಿಗೆ ಹಾಕಿದರೆ ತೇಲುತ್ತದೆ, ಸಿಪ್ಪೆ ಸುಲಿದು ಹಾಕಿದರೆ ಮುಳುಗುತ್ತದೆ. ಮಕ್ಕಳು ಹಗುರಾದದ್ದು ಮುಳುಗಿತಲ್ಲ ಅಂತ ಕುಣಿದಾಡುವ ಆಟ ಇದು. "ಏನಾಗುತ್ತೆ ಹೇಳು ನೋಡೋಣ?" ಎಂದೆ. ಅವಳು ಪೆನ್ಸಿಲ್ಲು, ಪುಸ್ತಕ ತೆಗೆದುಕೊಂಡು ಬಂದು ಕೂತು, "ನೀವೇ ಹೇಳಿ ದೊಡ್ಡಮ್ಮ, ನಾನು ಬರ್ಕೋತೀನಿ" ಎಂದಳು.

ಸೋದರಿಯರೇ, ಆ ಮಾತು ನನ್ನನ್ನು ಚುಚ್ಚಿದ ಹಾಗೆ ಬೈಗುಳ ಕೂಡ ಚುಚ್ಚಿರಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದು ಹಾಗೇ ಅಲ್ಲವೇ, ಬರ್ಕೊಂಡು?

ಅವತ್ತು ರಾತ್ರಿ ಎಲ್ಲರೂ ಮಲಗಿದ ಮೇಲೆ ಒಬ್ಬಳೇ ತಟ್ಟೆ ಇಟ್ಟುಕೊಂಡು ಕೂತೆ. ಒಂದು ಬತ್ತಿ ಇಟ್ಟು ನೀರು ಎಲ್ಲಿಯವರೆಗೆ ಏರುತ್ತದೆಂದು ಲೋಟದ ಮೇಲೆ ಕಾಡಿಗೆಯಿಂದ ಗೆರೆ ಹಾಕಿದೆ. ಆಮೇಲೆ ಮೂರು ಬತ್ತಿ ಇಟ್ಟೆ. ಅದೇ ಲೋಟ, ಒಳಗೆ ಅಷ್ಟೇ ಗಾಳಿ. ಆಮ್ಲಜನಕದ ಲೆಕ್ಕವೊಂದೇ ಆಗಿದ್ದರೆ ನೀರು ಅದೇ ಗೆರೆಗೆ ನಿಲ್ಲಬೇಕಿತ್ತು. ಗೆರೆ ದಾಟಿ ಬಹಳ ಮೇಲೆ ಹೋಯಿತು! ಲೋಟ ಮುಚ್ಚುವ ಹೊತ್ತಿಗೆ ಅಂಚಿನಿಂದ ಗುಳುಗುಳು ಗುಳ್ಳೆ ಹೊರಬಂದದ್ದೂ ಆಗ ಕಣ್ಣಿಗೆ ಬಿತ್ತು. ಆಮೇಲೆ ಬತ್ತಿಯೇ ಇಲ್ಲದೆ, ಲೋಟದಲ್ಲಿ ಬಿಸಿನೀರು ತುಂಬಿ, ಚೆಲ್ಲಿ, ಕೂಡಲೇ ತಣ್ಣೀರಿನ ತಟ್ಟೆಯ ಮೇಲೆ ಬೋರಲು ಹಾಕಿದೆ. ನೀರು ಏರಿತು. ಉರಿಯೇ ಇಲ್ಲ, ತಿನ್ನುವವರೇ ಇಲ್ಲ, ಆದರೂ ಏರಿತು.

ವಿಷಯ ಇಷ್ಟು. ಉರಿಯ ಬಿಸಿಗೆ ಲೋಟದೊಳಗಿನ ಗಾಳಿ ಹಿಗ್ಗುತ್ತದೆ, ಸ್ವಲ್ಪ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಉರಿ ಆರಿದ ಕೂಡಲೇ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ಹೊರಗಿನ ಗಾಳಿ ನೀರನ್ನು ಒಳಕ್ಕೆ ಒತ್ತುತ್ತದೆ. ಆಮ್ಲಜನಕ ಖರ್ಚಾಗೋದು ನಿಜವೇ, ಆದರೆ ಅದೆಲ್ಲ ಮುಗಿಯುವ ಮೊದಲೇ ಬತ್ತಿ ಆರುತ್ತದೆ. ಉರಿಯುವಾಗ ಇಂಗಾಲದ ಡೈ ಆಕ್ಸೈಡ್ ಬೇರೆ ಹುಟ್ಟಿ ಖಾಲಿ ಜಾಗವನ್ನು ಬಹುಪಾಲು ತುಂಬುತ್ತದೆ. ನೀರು ಸರ್ರನೆ ಏರುವುದಕ್ಕೆ ದೊಡ್ಡ ಕಾರಣ ಗಾಳಿ ತಣ್ಣಗಾಗುವುದು. ಬಿಸಿ ಉಪ್ಪಿಟ್ಟು ತುಂಬಿ ಮುಚ್ಚಿದ ಸ್ಟೀಲ್ ಡಬ್ಬಿಯ ಮುಚ್ಚಳ ಮಧ್ಯಾಹ್ನಕ್ಕೆ ಕಚ್ಚಿಕೊಂಡು ಬಿಡುತ್ತಲ್ಲ, ಅದೂ ಇದೇ. ನಾವು ಏನು ಮಾಡ್ತೀವಿ? ಡಬ್ಬಿಯನ್ನು ಸ್ವಲ್ಪ ಬಿಸಿಗೆ ಹಿಡೀತೀವಿ. ಇಪ್ಪತ್ತು ವರ್ಷದಿಂದ ಕೈಗೆ ಗೊತ್ತಿದ್ದದ್ದು ತಲೆಗೆ ಹತ್ತಿರಲಿಲ್ಲ ನೋಡಿ.

ಮೈಕೆಲ್ ಫ್ಯಾರಡೆ ಎಂಬ ದೊಡ್ಡ ವಿಜ್ಞಾನಿ 1860ರ ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನಲ್ಲಿ ಮಕ್ಕಳಿಗಾಗಿ ಬರೀ ಮೇಣದಬತ್ತಿಯ ಮೇಲೆ ಆರು ಉಪನ್ಯಾಸ ಶುರುಮಾಡಿದರು. ಕಮ್ಮಾರನ ಮಗ ಅವರು, ಶಾಲೆಗೆ ಹೋದದ್ದು ಅಷ್ಟಕ್ಕಷ್ಟೇ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸಕ್ಕಿದ್ದವರು. ಎಸ್ಸೆಸ್ಸೆಲ್ಸಿ ಎಂದು ಹಿಂಜರಿಯುವ ನಮ್ಮ ಸೋದರಿಗಾಗಿ ಇದನ್ನು ಬರೆದೆ.

ಬೆಳಿಗ್ಗೆ ಪುಟ್ಟಿ ಹಲ್ಲುಜ್ಜುತ್ತಿದ್ದಾಗಲೇ ಹೇಳಿದೆ: "ನೀನು ಕೇಳಿದ್ದು ಸರಿ ಕಣೇ. ನಾನು ಹೇಳಿದ್ದು ತಪ್ಪು." ಅವಳು ನಂಬಲಿಲ್ಲ. ಬ್ರಷ್ಷು ಬಾಯಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದಳು. ಮೂರು ಬತ್ತಿ ಇಟ್ಟು ತೋರಿಸಿದೆ. "ನಾಲ್ಕು ಇಡೋಣ" ಎಂದಳು. ಅವತ್ತು ತಿಂಡಿ ಹತ್ತೂವರೆಗಾಯಿತು, ಯಜಮಾನರು ಅವಲಕ್ಕಿಗೆ ಮೊಸರು ಕಲಸಿಕೊಂಡು ತಿಂದರು.

ಈಗ ಕಾಗದ ಬರೆದ ಸೋದರಿಗೆ. ಬೆಂಕಿಯ ಪ್ರಯೋಗಕ್ಕೆ ಹತ್ತಿರವೇ ಇರಿ, ಕಡ್ಡಿ ಗೀರುವುದು ನೀವೇ ಆಗಿರಲಿ, ನೈಲಾನ್ ಬಟ್ಟೆ ಬೇಡ. ಬಿಸಿನೀರಿನ ಆಟಕ್ಕೆ ಕುದಿಯುವ ನೀರು ಬೇಡ, ಗಾಜು ಸೀಳುತ್ತದೆ. ಏನು ಮಾಡುವ ಮೊದಲೂ "ಏನಾಗಬಹುದು?" ಎಂದು ಮಗನನ್ನು ಕೇಳಿ, ಅವನು ಹೇಳಿದ್ದು ತಪ್ಪಾದರೂ ಹಾಗೇ ಬರೆಯಲಿ, ಅಳಿಸಬೇಡಿ. ಹೆಸರುಕಾಳು ಮೊಳಕೆ ಕಟ್ಟಿ, ಒಂದು ಬಟ್ಟಲನ್ನು ಕಿಟಕಿಯಲ್ಲಿ, ಇನ್ನೊಂದನ್ನು ಕಪಾಟಿನೊಳಗೆ ಇಡಿ. ಯಾವುದು ಉದ್ದ ಬೆಳೆಯುತ್ತೆ ಅಂತ ಕೇಳಿ. ಬಿಸಿಲಲ್ಲಿದ್ದದ್ದು ಎನ್ನುತ್ತಾನೆ. ಉದ್ದವಾಗುವುದು ಕತ್ತಲೆಯದು, ತಿಳಿಹಳದಿಯಾಗಿ, ಬೆಳಕು ಹುಡುಕಿಕೊಂಡು. ಉತ್ತರ ಕರ್ನಾಟಕದ ಕಡೆ ನವರಾತ್ರಿಯ ಘಟದಲ್ಲಿ ದೇವರ ಮನೆಯೊಳಗೆ ಬೆಳೆದ ಸಸಿ ನೋಡಿದವರಿಗೆ ಆ ಬಣ್ಣ ಗೊತ್ತು.

ಇನ್ನೊಂದು. ಇಡ್ಲಿಗೆ ರುಬ್ಬಿದ ಹಿಟ್ಟನ್ನು ಬಾಟಲಿಯಲ್ಲಿ ಮೂರನೇ ಒಂದು ಭಾಗ ತುಂಬಿ, ಬಾಯಿಗೆ ಬಲೂನು ಸಿಕ್ಕಿಸಿ ರಾತ್ರಿ ಇಡಿ. ಹಿಟ್ಟಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಬಿಡುವ ಗಾಳಿಗೆ ಬಲೂನು ಎದ್ದು ನಿಲ್ಲುತ್ತದೆ. ನಮ್ಮ ಬಯಲುಸೀಮೆಯ ಸೆಕೆಗೆ ಬೆಳಗಾಗುವಷ್ಟರಲ್ಲಿ ನಿಂತಿತ್ತು. ನಿಮ್ಮ ಮಲೆನಾಡಿನ ಚಳಿಗೆ ಎಷ್ಟು ಹೊತ್ತು ಬೇಕಾಯಿತು ಎಂದು ಮಗನ ಕೈಯಲ್ಲೇ ಬರೆಸಿ ಕಳಿಸಿ. ಪುಟ್ಟಿಗೆ ತೋರಿಸಬೇಕು.