ಛತ್ರಿ ಗಾಳದ ಲಿಂಕ್ ಕೊಡಂಗಿಲ್ಲ (ಭೀಮಾ ದಂಡಿ ಮಾತು, ಭಾಗ 6)

ದೋಸ್ತರೇ, ಹೋದ ವಾರದ ರೀಲ್ಸ್ ಕೆಳಗ ಹನ್ನೊಂದು ಮಂದಿ ಒಂದೇ ಪ್ರಶ್ನೆ ಕೇಳೀರಿ: "ಆ ಛತ್ರಿ ಗಾಳ ಎಲ್ಲಿ ಸಿಗ್ತದ?" ಲಿಂಕ್ ಕೊಡಂಗಿಲ್ಲ. ಯಾಕ ಅಂತ ಹೇಳ್ತೀನಿ, ಪೂರ್ತಿ ಓದ್ರಿ.

ನೋಡಿಲ್ಲದವರಿಗೆ: ಛತ್ರಿ ಕಡ್ಡಿಯಂಗ ಐದು ತಂತಿ ಬಿಚ್ಚಿಕೊಂಡಿರ್ತಾವ, ಒಂದೊಂದರ ತುದಿಗೆ ಒಂದೊಂದು ರಬ್ಬರ್ ಮೀನು. ನೀರಾಗ ಎಳೆದರ ಸಣ್ಣ ಮೀನಿನ ಹಿಂಡೇ ಹೊಂಟಂಗ ಕಾಣ್ತದ. ಸಮುದ್ರದಾಗ ಇದು ಹಳೇ ಉಪಾಯ. ಕೈಯಿಂದ ಎಸೆಯೋ ಹಂಗ ಮಾಡಿದವ ಅಮೆರಿಕದ ಅಲಬಾಮಾದ ಆಂಡಿ ಪಾಸ್. 2011ರ ಅಕ್ಟೋಬರ್‌ನಲ್ಲಿ ಪಾಲ್ ಇಲಿಯಾಸ್ ಗಂಟರ್ಸ್‌ವಿಲ್ ಜಲಾಶಯದಲ್ಲಿ ಇದರಿಂದಲೇ ಬಾಸ್ ಮೀನಿನ ಟೂರ್ನಿ ಗೆದ್ದ ಮ್ಯಾಲ ಎಲ್ಲರೂ ಮುಗಿಬಿದ್ರು. ಮುಂದಿನ ವರ್ಷವೇ ಬಾಸ್‌ಮಾಸ್ಟರ್ ಎಲೀಟ್ ಸರಣಿಯಲ್ಲಿ ನಿಷೇಧ!

ನಮ್ಮ ಭೀಮಾದಾಗ, ಆಳಂದದ ಅಮರ್ಜಾದಾಗ ಬಾಸ್ ಎಲ್ಲಿಂದ ಬರಬೇಕು? ಕಾಟ್ಲಾ, ರೋಹು ಹಿಟ್ಟಿನ ಉಂಡೆಗೆ ಬರೋ ಮೀನು, ರಬ್ಬರ್‌ಗೆ ಬೀಳೋದು ಅಪರೂಪ. ಹಂಗಾದ್ರ ಛತ್ರಿಗೆ ಸಿಗೋದು ಯಾರು? ಮರಲ್.

ಮರಲ್ ಮರಿ ಕಾಯೋ ಮೀನು. ಮರಿಗಳು ಕೆಂಪಗೆ ಗುಂಪುಗಟ್ಟಿ ಉಸಿರಿಗೆ ಮ್ಯಾಲ ಬರ್ತಾವ, ದೊಡ್ಡವು ಕೆಳಗ ಪಹರೆ. ಹತ್ತಿರ ಏನೇ ಬಂದ್ರೂ ಹೊಡೀತಾವ. ಹಸಿವಿಗಲ್ಲ, ಮರಿ ಸಲುವಾಗಿ. ಅಲ್ಲಿ ಐದು ಹುಸಿಮೀನು ಎಳೆದರ ಅದು ಸುಮ್ನಿರ್ತದೇನು? ನೀವು ಅದನ್ನ ಎತ್ತಿ ಫೋಟೋ ಹೊಡ್ಕೊಳ್ಳೋದ್ರಾಗ ಬೇರೆ ಮೀನು ಆ ಮರಿಗಳಿಗೆ ಬಾಯಿ ಹಾಕಿರ್ತಾವ.

ಆ ರೀಲ್ಸ್‌ನಾಗಿನ ಮರಲ್ ಹಂಗೇ ಸಿಕ್ಕದ್ದು, ಅಫಜಲಪುರ ಕಡೆ ಹಿನ್ನೀರಿನಾಗ. ಕೆಂಪು ಗುಂಪು ನೋಡಿಯೂ ಎಸೆದೆ. ವೀಡಿಯೋದಾಗ ಆ ಭಾಗ ಕಟ್ ಮಾಡಿದ್ದೆ. ಈಗ ರೀಲ್ಸ್ ಡಿಲೀಟ್ ಮಾಡೀನಿ.

"ಮೊದಲು ಬಲೆ ಹಾಕೋರಿಗೆ ಹೇಳಲೇ" ಅಂದ ಜೇವರ್ಗಿ ಗೆಳೆಯ. ಬಲೆ ಅವರ ಹೊಟ್ಟೆಪಾಡು ಮಾರಾಯ. ಕೆರೆ ಗುತ್ತಿಗೆ ಹಿಡಿದವರು ರೊಕ್ಕ ಕಟ್ಟಿರ್ತಾರ, ಮರಿ ತಂದು ಬಿಟ್ಟಿರ್ತಾರ. ನಾವು ಬಿಕಾಂ ಓದೋರು, ಖರ್ಚು ಯಾರ ಖಾತೆಗೆ, ಲೈಕ್ ಯಾರ ಖಾತೆಗೆ ಅಂತ ಲೆಕ್ಕ ಹಾಕಕ್ಕ ಬರಂಗಿಲ್ಲೇನು? ಸಿಡಿಮದ್ದು, ವಿಷ ಹಾಕೋರ ಮಾತು ಬೇರೆ, ಅದು ಕಾನೂನಿನಲ್ಲೇ ಅಪರಾಧ.

ಛತ್ರಿ ಬ್ಯಾಡೇ ಬ್ಯಾಡ ಅಂತಿಲ್ಲ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕೊಕ್ಕೆಗೆ ಮಿತಿ ಅದ, ಅದಕ್ಕ ಉಳಿದ ರಬ್ಬರ್ ಮೀನಿಗೆ ಕೊಕ್ಕೆನೇ ಹಾಕಂಗಿಲ್ಲ. ಮೀನು ಬರೋದು ಹಿಂಡು ನೋಡಿ, ಕೊಕ್ಕೆ ಎಣಿಸಿ ಅಲ್ಲ. ನಾನೂ ನಾಲ್ಕು ಕೊಕ್ಕೆ ಇಕ್ಕಳದಿಂದ ಕತ್ತರಿಸಿ ಒಂದೇ ಉಳಿಸೀನಿ. ಅದನ್ನೂ ಮಳಿಗಾಲ ಮುಗಿಯೋ ತನಕ ತೆಗಿಯಂಗಿಲ್ಲ.

ನೀರಿನ ಮ್ಯಾಲ ಕೆಂಪು ಗುಂಪು ಕಂಡ್ರ ದಾರ ಸುತ್ತಿಬಿಡ್ರಿ. ಎಲ್ಲಿ ಕಂಡ್ತು ಅಂತ ಮಾತ್ರ ಕಮೆಂಟ್‌ನಾಗ ಜಾಗ ಬರೀಬ್ಯಾಡ್ರಿ.

ಮುಂದಿನ ಭಾಗ: ಹಿಟ್ಟಿನ ಉಂಡೆ ಕಟ್ಟೋದು.