ಲಾವಂಚ: ಬೇರನ್ನು ಬಲ್ಲೆವು, ಹುಲ್ಲನ್ನರಿಯೆವು

ಕಳೆದ ಬೇಸಿಗೆಯಲ್ಲಿ ಭಕ್ತರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದು, "ನೀವು ಹೇಳಿದಂತೆ ಲಾವಂಚದ ನೀರನ್ನೇ ಕುಡಿಯುತ್ತಿದ್ದೇನೆ ಡಾಕ್ಟರೇ, ಉರಿಮೂತ್ರ ತಗ್ಗಲೇ ಇಲ್ಲ" ಎಂದರು. ವಿಚಾರಿಸಿದಾಗ, ಹೊಲದ ಬದುವಿನಲ್ಲಿದ್ದ ಹುಲ್ಲಿನ ಗರಿಗಳನ್ನು ಕೊಯ್ದು ಮಜ್ಜಿಗೆಹುಲ್ಲಿನಂತೆ ಕುದಿಸುತ್ತಿದ್ದರೆಂದು ತಿಳಿಯಿತು. ತಪ್ಪು ಅವರದಲ್ಲ. 'ಬೇರು' ಎಂಬ ಮಾತನ್ನು ಹೇಳದೆ ಬಿಟ್ಟವರು ನಾವೇ.

ನಮ್ಮ ಶಾಸ್ತ್ರಕಾರರು ಈ ವಿಷಯದಲ್ಲಿ ಎಚ್ಚರವಹಿಸಿದ್ದರು. ಹುಲ್ಲಿಗೆ ವೀರಣವೆಂದೂ ಅದರ ಬೇರಿಗೆ ಉಶೀರವೆಂದೂ ಪ್ರತ್ಯೇಕ ಹೆಸರನ್ನಿಟ್ಟರು. ಜ್ವರದ ಬಾಯಾರಿಕೆಗೆ ಕೊಡುವ ಷಡಂಗಪಾನೀಯದಲ್ಲಿ ಶುಂಠಿ, ಶ್ರೀಗಂಧ, ಭದ್ರಮುಷ್ಟಿ ಮೊದಲಾದವುಗಳೊಡನೆ ಸೇರುವುದು ಈ ಉಶೀರವೇ. ಗರಿಯಲ್ಲಿ ಪರಿಮಳವಿಲ್ಲ; ಸುಗಂಧತೈಲವಿರುವುದು ಬೇರಿನಲ್ಲಿ.

ಜೋಳ, ಕಬ್ಬುಗಳ ಬಳಗಕ್ಕೆ ಸೇರಿದ ಈ ಬಹುವಾರ್ಷಿಕ ಹುಲ್ಲು ತೆಂಡೆಯೊಡೆದು, ದಟ್ಟ ಪೊದೆಯಾಗಿ ಆಳೆತ್ತರಕ್ಕೆ ಬೆಳೆಯುತ್ತದೆ. ಗರಿಗಳು ಕಿರಿದು, ಬಿರುಸು, ಅಂಚು ಒರಟು. ಹೂತೆನೆಗೆ ನಸುನೇರಳೆ ಬಣ್ಣ. ಗರಿಕೆಯಂತೆ ನೆಲದ ಮೇಲೆ ಹಬ್ಬುವ ಕುಡಿಯಾಗಲಿ, ಕೊನ್ನಾರಿಯಂತೆ ಗಡ್ಡೆಯಾಗಲಿ ಇದಕ್ಕಿಲ್ಲ. ಬೇರುಗಳು ಪಕ್ಕಕ್ಕೆ ಹರಡುವುದಕ್ಕಿಂತ ನೇರವಾಗಿ ಕೆಳಗಿಳಿಯುತ್ತವೆ. ಸಡಿಲ ಮಣ್ಣಿನಲ್ಲಿ 3 ಮೀಟರಿನಷ್ಟು ಆಳಕ್ಕೂ ಹೋಗುತ್ತವೆ. ದಕ್ಷಿಣದ ತಳಿಯಲ್ಲಿ ಮೊಳೆಯುವ ಬೀಜ ಕಟ್ಟುವುದು ಇಲ್ಲವೆಂಬಷ್ಟು ಕಡಿಮೆ. ಬುಡವನ್ನು ಸೀಳಿ ನೆಟ್ಟರಷ್ಟೇ ಸಂತತಿ ಮುಂದುವರಿಯುತ್ತದೆ. ಆದ್ದರಿಂದಲೇ ಇದು ಹೊಲಕ್ಕೆ ನುಗ್ಗುವ ಕಳೆಯಲ್ಲ. ಗುಂಡ್ಲುಪೇಟೆ ಕಡೆಯ ರೈತರು ಹಿಂದಿನಿಂದಲೂ ಹೊಲದ ಎಲ್ಲೆಗೆ ಇದನ್ನು ಸಾಲಾಗಿ ನೆಟ್ಟುಕೊಂಡು ಬಂದವರು. ಹರಿದುಬರುವ ಮಳೆನೀರು ಈ ಸಾಲಿಗೆ ತಡೆದು ನಿಧಾನವಾಗಿ ದಾಟುತ್ತದೆ, ಮಣ್ಣು ಹೊಲದಲ್ಲೇ ಉಳಿಯುತ್ತದೆ.

ನಮ್ಮ ಆಕ್ಷೇಪವಿರುವುದು ಇಲ್ಲಿಯೇ. ಬೇಸಿಗೆಯಲ್ಲಿ ಬೇರಿಗೆ ಬೆಲೆ ಬಂದೊಡನೆ ಹಳ್ಳದ ದಂಡೆ, ಹೊಲದ ಬದುಗಳಲ್ಲಿರುವ ಬುಡಗಳನ್ನೇ ಅಗೆದು ಮಾರುತ್ತಾರೆ. ತುಳಸಿಯ ಎಲೆ ಕೊಯ್ದರೆ ಗಿಡ ಉಳಿಯುತ್ತದೆ; ಲಾವಂಚದಲ್ಲಿ ಬೇರೇ ಔಷಧಿ, ಬೀಜದ ಆಸರೆಯೂ ಇಲ್ಲ. ಹೀಗೆ ಅಗೆದ ಬದುವೊಂದು ಮುಂದಿನ ಮುಂಗಾರಿನಲ್ಲಿ ಕೊಚ್ಚಿಹೋದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಬದುವಿನ ಲಾವಂಚವನ್ನು ಮುಟ್ಟಲೇಬಾರದೆಂಬುದು ನಮ್ಮ ಅಭಿಪ್ರಾಯ. ಔಷಧಿಗೆಂದು ಮರಳುಮಿಶ್ರಿತ ಮಣ್ಣಿನಲ್ಲಿ ಬೇರೆಯೇ ಮಡಿ ಮಾಡಬೇಕು. ಹಿತ್ತಿಲಿನಲ್ಲಿ ಜಾಗವಿಲ್ಲದವರಿಗೆ ಮಣ್ಣು ತುಂಬಿದ ಗೋಣಿಚೀಲವೂ ಆದೀತು. ಸುಮಾರು ಒಂದೂವರೆ ವರ್ಷಕ್ಕೆ ಅಗೆದು, ಬೇರನ್ನು ಕತ್ತರಿಸಿಕೊಂಡು, ಗೇಣುದ್ದದ ಬುಡಗಳನ್ನು ಅಂದೇ ಮರಳಿ ನೆಡಬೇಕು.

ಅಂಗಡಿಯಲ್ಲಿ ಕೊಳ್ಳುವವರಿಗೂ ಒಂದು ಮಾತು. ತೈಲ ತೆಗೆದ ಮೇಲೆ ಉಳಿದ ಬೇರನ್ನೂ ಕಂತೆ ಕಟ್ಟಿ ಮಾರುವವರಿದ್ದಾರೆ. ಒಂದೆಳೆಯನ್ನು ನೀರಿನಲ್ಲಿ ನೆನೆಸಿ ನೋಡಿರಿ. ಒಳ್ಳೆಯ ಬೇರು ಒದ್ದೆಯಾದಷ್ಟೂ ಘಮಘಮಿಸುತ್ತದೆ. ಅದನ್ನು ಮಣ್ಣಿಲ್ಲದಂತೆ ತೊಳೆದು, ರಾತ್ರಿ ಗಡಿಗೆಯ ನೀರಿಗೆ ಹಾಕಿದರೆ ಸಾಕು.

ಆ ಭಕ್ತರಿಗೆ ಮೊದಲು ಮೂತ್ರಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿದೆವು. ಉರಿಮೂತ್ರವನ್ನು ಬರಿಯ ಲಾವಂಚಕ್ಕೆ ಬಿಟ್ಟು ಕೂರುವುದು ಸರಿಯಲ್ಲ. ಹೊರಡುವಾಗ ನಮ್ಮ ಹಿತ್ತಿಲಿನಿಂದ ನಾಲ್ಕು ಬುಡಗಳನ್ನೂ ಕೊಟ್ಟೆವು. ಮೂರು ಚಿಗುರಿವೆಯಂತೆ.