ಉದಯಪುರ: ಕೆರೆಯ ದಂಡೆಯ ಅನ್ನ



ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಹಿರಿಯರ ಮಾತಿನಲ್ಲಿ ಎರಡನೆಯದನ್ನೇ ನಾವು ಬಾಳಿನುದ್ದಕ್ಕೂ ಹೆಚ್ಚಾಗಿ ಮಾಡಿಕೊಂಡು ಬಂದವರು. ಮಠದ ಪಾಠಶಾಲೆಯಲ್ಲಿದ್ದ ದಿನಗಳಲ್ಲಿ ಪಾಶುಪತ ಮತದ ಲಕುಲೀಶನ ಪ್ರಸ್ತಾಪ ಬಂದಾಗಲೆಲ್ಲ ನಮ್ಮ ಗುರುಗಳು ಮೇವಾಡದ ಏಕಲಿಂಗ ಕ್ಷೇತ್ರವನ್ನು ನೆನೆಯುತ್ತಿದ್ದರು. ಅದನ್ನು ಕಣ್ಣಾರೆ ಕಾಣುವ ಯೋಗ ಅರವತ್ತು ದಾಟಿದ ಮೇಲೆ, ಕಳೆದ ಮಾಘ ಮಾಸದಲ್ಲಿ, ಕೂಡಿಬಂದಿತು. ನಾವೂ ನಮ್ಮ ಮನೆಯವರೂ ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆವು. ಜೊತೆಗೊಂದು ದೊಡ್ಡ ಬುತ್ತಿಯ ಗಂಟು. ಅದರಲ್ಲಿ ಐವತ್ತು ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಪರಸ್ಥಳದ ನೀರು, ಪರಸ್ಥಳದ ಅನ್ನ ಈ ವಯಸ್ಸಿನಲ್ಲಿ ಒಗ್ಗಲಾರದೆಂಬ ಅಂಜಿಕೆ. ಈ ಗಂಟಿನ ದೆಸೆಯಿಂದಲೇ ನಾವು ತಲೆ ತಗ್ಗಿಸುವ ಪ್ರಸಂಗವೊಂದು ಒದಗಿತು. ಅದನ್ನು ಮುಚ್ಚಿಡದೆ ಮುಂದೆ ಹೇಳುವೆವು.

ಉದಯಪುರವನ್ನು ಮಹಾರಾಣಾ ಎರಡನೆಯ ಉದಯಸಿಂಹನು 1559ರಲ್ಲಿ ಕಟ್ಟಿಸಿದನೆಂದು ಪ್ರತೀತಿ. 1568ರಲ್ಲಿ ಚಿತ್ತೋಡದ ಕೋಟೆ ಅಕಬರನ ವಶವಾದ ಮೇಲೆ ಇದೇ ಮೇವಾಡದ ರಾಜಧಾನಿಯಾಯಿತು. ಆದರೆ ಊರಿಗಿಂತ ಕೆರೆ ಹಿರಿಯದು. ಪಿಚೋಲಾ ಸರೋವರಕ್ಕೆ 14ನೆಯ ಶತಮಾನದಲ್ಲಿಯೇ ಮೊದಲ ಒಡ್ಡು ಹಾಕಿಸಿದವನು ಅರಸನಲ್ಲ, ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ತಿರುಗುತ್ತಿದ್ದ ಒಬ್ಬ ಬಂಜಾರನೆಂದು ಅಲ್ಲಿಯವರು ಹೇಳುತ್ತಾರೆ. ನಮ್ಮ ನಾಡಿನ ತಾಂಡಾಗಳಲ್ಲಿ ನೆಲೆಸಿರುವ ಲಂಬಾಣಿ ಬಂಧುಗಳ ಪೂರ್ವಿಕರೂ ಹೀಗೆಯೇ ಎತ್ತುಗಳ ಹಿಂಡಿನೊಡನೆ ದಕ್ಷಿಣಕ್ಕೆ ಬಂದವರು. ಅವರ ಮಾತಿನಲ್ಲಿ ಇಂದಿಗೂ ರಾಜಸ್ಥಾನದ ನುಡಿಯ ನಂಟಿದೆ. ಉದಯಪುರದ ಅರಮನೆಗಳನ್ನು ಹೊಗಳುವವರು ಈ ಹೆಸರಿಲ್ಲದ ವ್ಯಾಪಾರಿಯನ್ನು ಒಮ್ಮೆಯಾದರೂ ನೆನೆಯುವುದು ಲೇಸು.

ಅರಮನೆಗಳ ವಿಚಾರವನ್ನು ಚುಟುಕಾಗಿ ಮುಗಿಸುವೆವು. ನೀರಿನ ನಡುವೆ ಬೆಳ್ಳಗೆ ತೇಲಿದಂತೆ ಕಾಣುವ ಜಗನಿವಾಸವನ್ನು 1740ರ ದಶಕದಲ್ಲಿ ಎರಡನೆಯ ಜಗತ್‌ಸಿಂಹನು ಕಟ್ಟಿಸಿದನು. ಅದೀಗ ಸಿರಿವಂತರ ಹೋಟೆಲು. ನಮ್ಮಂಥವರಿಗೆ ದಂಡೆಯಿಂದಲೇ ದರ್ಶನ. ಇನ್ನೊಂದು ನಡುಗಡ್ಡೆಯಾದ ಜಗಮಂದಿರದಲ್ಲಿ, ತಂದೆ ಜಹಾಂಗೀರನ ಮೇಲೆ ಬಂಡೆದ್ದ ರಾಜಕುಮಾರ ಖುರ್ರಮನು ಆಶ್ರಯ ಪಡೆದಿದ್ದನು. ಅವನೇ ಮುಂದೆ ಶಹಾಜಹಾನನಾದವನು. ಪೇಟೆಯ ನಡುವಿನ ಜಗದೀಶ ಮಂದಿರ 1651ರದು. ಅದರ ಕಡಿದಾದ ಮೆಟ್ಟಿಲುಗಳನ್ನು ನಮ್ಮ ಮನೆಯವರು ನಮಗಿಂತ ಮೊದಲು ಹತ್ತಿ, ಮೇಲೆ ನಿಂತು ನಮ್ಮನ್ನು ನೋಡಿ ನಕ್ಕರೆಂಬುದನ್ನು ಬಿಟ್ಟರೆ ಅಲ್ಲಿಯ ವಿಶೇಷವನ್ನು ಪ್ರವಾಸದ ಕೈಪಿಡಿಗಳೇ ಹೇಳುತ್ತವೆ.

ನಮ್ಮ ಮನಸ್ಸು ಇದ್ದದ್ದು ಕೈಲಾಸಪುರಿಯಲ್ಲಿ. ಊರಿನಿಂದ ಉತ್ತರಕ್ಕೆ ಸುಮಾರು 22 ಕಿಲೋಮೀಟರು. ಗುಡ್ಡಗಳ ಸಂದಿನಲ್ಲಿ ಎತ್ತರದ ಗೋಡೆಯೊಳಗೆ ಗುಡಿಗಳ ಗುಂಪು. ನಡುವೆ ಕರಿಯ ಕಲ್ಲಿನ ಚತುರ್ಮುಖ ಲಿಂಗ. ಮೇವಾಡದ ರಾಣರು ತಮ್ಮನ್ನು ದೊರೆಗಳೆಂದು ಭಾವಿಸಲಿಲ್ಲ. ರಾಜ್ಯವೆಲ್ಲ ಏಕಲಿಂಗನದು, ತಾವು ಅವನ ದಿವಾನರು ಎಂದೇ ನಡೆದುಕೊಂಡರು. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ. ನಮಗದು ಬಹಳ ಹಿಡಿಸಿತು. ಇಲ್ಲಿಯೇ ಗುಡಿಯ ಮೇಲುಭಾಗದಲ್ಲಿ 971ನೆಯ ಇಸವಿಯ ಶಾಸನವುಳ್ಳ ಲಕುಲೀಶ ಮಂದಿರವಿದೆ. ಲಕುಲಾಗಮವನ್ನು ಬಲ್ಲ ಕಾಳಾಮುಖ ಯತಿಗಳು ನಮ್ಮ ಬಳ್ಳಿಗಾವೆಯ ಕೋಡಿಯ ಮಠದಲ್ಲಿ ಪಾಠ ಹೇಳಿದ್ದನ್ನು, ಅನ್ನವಿಕ್ಕಿದ್ದನ್ನು ಕನ್ನಡ ಶಾಸನಗಳು ಸಾರುತ್ತವೆ. ಆ ಮಠದ ಹೆಸರಿನಲ್ಲಿಯೇ ಕೆರೆಯ ಕೋಡಿ ಇದೆಯಲ್ಲವೇ? ಕೆರೆ, ಲಿಂಗ, ಓದು, ಅನ್ನ, ಈ ನಾಲ್ಕೂ ಒಂದೆಡೆ ಸೇರುವುದು ಅಲ್ಲಿಗೂ ಇಲ್ಲಿಗೂ ಸಮಾನವೆಂದು ಆ ಕಲ್ಲುಕಂಬಕ್ಕೆ ಒರಗಿ ಬಹಳ ಹೊತ್ತು ಚಿಂತಿಸಿದೆವು.

ಇನ್ನು ಊಟದ ಮಾತು. ಮೇವಾಡದ ಅಡಿಗೆಯಲ್ಲಿ ಹೆಸರಾದದ್ದು ದಾಲ್ ಬಾಟಿ ಚೂರ್ಮಾ. ತುಪ್ಪ ಬೆರೆಸಿ ಗಟ್ಟಿಯಾಗಿ ನಾದಿದ ಗೋಧಿಹಿಟ್ಟನ್ನು ನಿಂಬೆಹಣ್ಣಿಗಿಂತ ದೊಡ್ಡ ಉಂಡೆಗಳಾಗಿ ಮಾಡಿ, ಕುರುಳಿನ ಕೆಂಡದಲ್ಲಿ ಸುಟ್ಟು, ಬೂದಿ ಕೊಡವಿ, ಒಡೆದು ತುಪ್ಪದಲ್ಲಿ ಅದ್ದುತ್ತಾರೆ. ಐದು ಬಗೆಯ ಬೇಳೆ ಕೂಡಿಸಿದ ಪಂಚಮೇಲ ದಾಲ್ ಅದಕ್ಕೆ ಜೊತೆ. ಅದೇ ಬಾಟಿಯನ್ನು ಪುಡಿಮಾಡಿ ತುಪ್ಪ, ಸಕ್ಕರೆ ಬೆರೆಸಿದರೆ ಚೂರ್ಮಾ. ನಮ್ಮ ಮಾದಲಿಯ ತಂಗಿಯೆನ್ನಬಹುದು. ತರಕಾರಿ ಕಡಿಮೆಯಾದ ಸೀಮೆಯಾದ್ದರಿಂದ ಕಡಲೆಹಿಟ್ಟಿನ ಸುರುಳಿಗಳನ್ನು ಬೇಯಿಸಿ ಕತ್ತರಿಸಿ ಮಜ್ಜಿಗೆಯ ಸಾರಿನಲ್ಲಿ ಹಾಕುತ್ತಾರೆ. ಅದಕ್ಕೆ ಗಟ್ಟೆ ಎಂಬ ಹೆಸರು. ಕೇರ್ ಸಾಂಗ್ರಿ ಎಂಬ ಪಲ್ಯ ಮೂಲತಃ ಪಕ್ಕದ ಮರುಭೂಮಿಯದಾದರೂ ಇಲ್ಲಿಯ ಎಲೆಯಲ್ಲೂ ಬೀಳುತ್ತದೆ. ಸಾಂಗ್ರಿ ಯಾವುದೆಂದು ವಿಚಾರಿಸಿದಾಗ ಅದು ಖೇಜಡಿ ಮರದ ಒಣಗಿಸಿದ ಕಾಯಿ ಎಂದರು. ಖೇಜಡಿಯೆಂದರೆ ನಮ್ಮ ಬನ್ನಿ! ವಿಜಯದಶಮಿಯಂದು ನಾವು ಎಲೆ ಕೊಟ್ಟು ಬಂಗಾರವೆನ್ನುವ ಮರವನ್ನು ಅವರು ಬರಗಾಲದ ಬುತ್ತಿಯಾಗಿ ಬಲ್ಲರು. ಮುಂಜಾನೆ ಪೇಟೆಯಲ್ಲಿ ಬಿಸಿ ಕಚೋರಿಗೆ ನೂಕುನುಗ್ಗಲು. ಎಣ್ಣೆಯ ಪದಾರ್ಥ ನಮಗೆ ವರ್ಜ್ಯವಾದುದರಿಂದ ಅರ್ಧ ಮಾತ್ರ ತಿಂದೆವು. ಉಳಿದರ್ಧ ಎಲ್ಲಿ ಹೋಯಿತೆಂದು ಮನೆಯವರನ್ನು ಕೇಳಬೇಕು.

ಹೋಟೆಲುಗಳಲ್ಲಿ ಕಾಣದ ಮೇವಾಡದ ನಿಜವಾದ ಧಾನ್ಯ ಮೆಕ್ಕೆಜೋಳ. ಅದರ ರೊಟ್ಟಿ, ಅದರ ನುಚ್ಚಿನಿಂದ ಮಜ್ಜಿಗೆಯಲ್ಲಿ ಕುದಿಸಿದ ರಾಬ್, ಬಡವರ ಮನೆಯ ಅನ್ನ. ನಮ್ಮ ತಪ್ಪು ನಡೆದದ್ದು ಇಲ್ಲಿಯೇ.

ನಾವು ಇಳಿದುಕೊಂಡದ್ದು ಸರೋವರದ ಹತ್ತಿರದ ಓಣಿಯೊಂದರ ಸಣ್ಣ ಮನೆಯಲ್ಲಿ. ಮೇಲಿನ ಎರಡು ಕೋಣೆಗಳನ್ನು ಯಾತ್ರಿಕರಿಗೆ ಕೊಡುತ್ತಾರೆ. ಮೊದಲ ದಿನ ಬೆಳಿಗ್ಗೆ ಮನೆಯ ಹಿರಿಯ ತಾಯಿ ಎರಡು ಬಟ್ಟಲು ಬಿಸಿ ರಾಬ್ ತಾವೇ ಹೊತ್ತು ಮೆಟ್ಟಿಲು ಹತ್ತಿ ಬಂದರು. ನಮ್ಮ ಪೂಜೆ ಇನ್ನೂ ಆಗಿರಲಿಲ್ಲ. ಅಷ್ಟನ್ನು ಹೇಳಿದ್ದರೆ ಸಾಕಿತ್ತು. ನಾವು ಹಾಗೆ ಹೇಳದೆ, ಹೊಟ್ಟೆ ಸರಿಯಿಲ್ಲವೆಂದು ಹರಕು ಹಿಂದಿಯಲ್ಲಿ ಸುಳ್ಳಾಡಿ ಕೈ ಮುಗಿದೆವು. ಅವರು ಮಾತಾಡದೆ ಬಟ್ಟಲು ಎತ್ತಿಕೊಂಡರು. ಪೂಜೆ ಮುಗಿಸಿ, ಗಂಟು ಬಿಚ್ಚಿ ರೊಟ್ಟಿ ಮುರಿಯುತ್ತ ಕಿಟಕಿಯಿಂದ ನೋಡಿದರೆ, ಅಂಗಳದಲ್ಲಿ ಆ ತಾಯಿ ಅದನ್ನು ಹಸುವಿನ ಬಾನಿಗೆ ಸುರಿಯುತ್ತಿದ್ದರು. ಅಷ್ಟರಲ್ಲಿ ಅವರು ತಲೆಯೆತ್ತಿದರು. ನಮ್ಮ ಕೈಯಲ್ಲಿ ರೊಟ್ಟಿ ಇತ್ತು.

ಆ ದಿನವೆಲ್ಲ ನಮಗೆ ಸಮಾಧಾನವಿರಲಿಲ್ಲ. ಸಂಜೆ ಘಾಟಿನ ಮೆಟ್ಟಿಲ ಮೇಲೆ ಕುಳಿತಾಗ ನಮ್ಮ ಮನೆಯವರು, “ದಾಸೋಹದ ಮೇಲೆ ಎಷ್ಟು ಉಪನ್ಯಾಸ ಕೊಟ್ಟೀರಿ? ನೀಡೋದನ್ನಷ್ಟ ಕಲಿಸಿದ್ರಿ, ತಗೊಳ್ಳೋದನ್ನ ನೀವ ಕಲೀಲಿಲ್ಲ” ಎಂದರು. ಉತ್ತರ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆ ತೀರಿಸಿ ನಾವೇ ಕೆಳಗಿಳಿದು, “ಮಾಜೀ, ನಿನ್ನೆ ನಮ್ಮಿಂದ ತಪ್ಪಾಯಿತು, ಇಂದು ರಾಬ್ ಕೊಡಿ” ಎಂದು ಕೇಳಿದೆವು. ಅವರು ಒಲೆಯ ಮುಂದೆ ಮಣೆ ಹಾಕಿದರು. ರುಚಿ ನೋಡಿದರೆ ನಮ್ಮ ಜೋಳದ ನುಚ್ಚು ಮಜ್ಜಿಗೆಯೇ! ಬಟ್ಟಲು ಬರಿದಾಗುವ ಹೊತ್ತಿಗೆ ಅವರು ಹೇಳಿದ ಸಂಗತಿ ಇದು. ಅವರ ಯಜಮಾನರು ದೋಣಿ ನಡೆಸುತ್ತಿದ್ದವರು. 2000ದ ಆಚೀಚಿನ ಬರದ ವರ್ಷಗಳಲ್ಲಿ ಪಿಚೋಲಾ ಬತ್ತಿ, ಜಗನಿವಾಸದವರೆಗೆ ನಡೆದೇ ಹೋಗುವಂತಾಯಿತು. ದೋಣಿಗಳು ಕೆಸರಿನಲ್ಲಿ ಬಿರುಕುಬಿಟ್ಟವು. ಕೆರೆಯಂಗಳದಲ್ಲಿ ಹುಡುಗರು ಕ್ರಿಕೆಟ್ ಆಡಿದರು. ಆ ದಿನಗಳಲ್ಲಿ ಐದು ಮಕ್ಕಳ ಸಂಸಾರವನ್ನು ಉಳಿಸಿದ್ದು ಎರಡು ಹೊತ್ತಿನ ರಾಬ್. ಅಂದಿನಿಂದ ಮನೆಗೆ ಯಾರೇ ಬರಲಿ, ಮೊದಲು ಅದನ್ನೇ ಕೊಡುವುದು ಅವರ ವ್ರತ.

ನಾವು ನಿರಾಕರಿಸಿದ್ದು ಏನನ್ನೆಂದು ಆಗ ತಿಳಿಯಿತು.

ಈ ಊರಿನ ಕೆರೆಗಳು ಒಂದರ ನೀರನ್ನೊಂದು ಕಾಯುತ್ತವೆ. ಸೀಸಾರ್ಮಾ ಹೊಳೆ ಪಿಚೋಲಾಕ್ಕೆ ಬರುತ್ತದೆ. ಪಿಚೋಲಾ, ಸ್ವರೂಪಸಾಗರ, ಫತೇಸಾಗರಗಳು ಕಾಲುವೆಗಳಿಂದ ಕೂಡಿಕೊಂಡಿವೆ. ಹೆಚ್ಚಾದದ್ದು ಆಹಾಡ ನದಿಗೆ ಬಿದ್ದು ಉದಯಸಾಗರ ಸೇರುತ್ತದೆ. ಈಗ ಪಶ್ಚಿಮದ ಗುಡ್ಡಗಳಾಚೆಯ ನೀರನ್ನೂ ದೇವಾಸ ಯೋಜನೆಯ ಸುರಂಗದಲ್ಲಿ ತರುತ್ತಾರೆ. 2025ರ ಜನವರಿಯಲ್ಲಿ ಇಂದೋರಿನೊಡನೆ ಉದಯಪುರಕ್ಕೂ ರಾಮ್ಸರ್ ಒಡಂಬಡಿಕೆಯ ಜೌಗುಭೂಮಿ ನಗರವೆಂಬ ಮನ್ನಣೆ ದೊರೆಯಿತು. ಇಷ್ಟಾದರೂ ಘಾಟಿನ ಮೂಲೆಗಳಲ್ಲಿ ಪ್ಲಾಸ್ಟಿಕ್ಕು ತೇಲುವುದನ್ನು ಕಂಡೆವು. ಧರ್ಮಾಂಬುಧಿ ಕೆರೆಯನ್ನು ಬಸ್ ನಿಲ್ದಾಣ ಮಾಡಿಕೊಂಡ ನಾಡಿನವರು ನಾವು. ಬೆರಳು ತೋರಿಸುವ ಅಧಿಕಾರವಿಲ್ಲ. ಸಮಯವಿದ್ದವರು 65 ಕಿಲೋಮೀಟರು ಉತ್ತರದ ರಾಜಸಮಂದವನ್ನು ಅವಶ್ಯವಾಗಿ ನೋಡಬೇಕು. 17ನೆಯ ಶತಮಾನದಲ್ಲಿ ಬರ ಬಂದಾಗ ರಾಣಾ ರಾಜಸಿಂಹನು ಜನರಿಗೆ ಕೂಲಿ ಸಿಗಲೆಂದು ಕಟ್ಟಿಸಿದ ಸರೋವರವದು. ಅದರ ಒಡ್ಡಿನ ಮೇಲೆ 25 ಕಲ್ಲುಹಲಗೆಗಳಲ್ಲಿ ಒಂದು ಸಂಸ್ಕೃತ ಕಾವ್ಯವನ್ನೇ ಕೊರೆಸಿದ್ದಾನೆ. ನಾವು ಒಂಬತ್ತು ಹಲಗೆಗಳನ್ನು ಓದುವಷ್ಟರಲ್ಲಿ ಬಾಡಿಗೆ ಗಾಡಿಯವನು ಅವಸರ ಮಾಡಿದನು.

ಹೊರಡುವ ದಿನ ಗಂಟಿನಲ್ಲಿ ಹದಿನೆಂಟು ಕಟಕ ರೊಟ್ಟಿ ಉಳಿದಿದ್ದವು. ನಮ್ಮ ಮನೆಯವರು ಅವನ್ನೂ ಗುರೆಳ್ಳು ಹಿಂಡಿಯನ್ನೂ ಆ ತಾಯಿಯ ಮುಂದಿಟ್ಟರು. ಅವರು ಒಂದನ್ನು ಬೆಳಕಿಗೆ ಹಿಡಿದು, ಬಡಿದ ಕೈಯ ಗುರುತು ನೋಡಿ, ಮುರಿದು ಬಾಯಿಗಿಟ್ಟು, “ಜ್ವಾರ್?” ಎಂದು ಕೇಳಿದರು. ಹೌದೆಂದೆವು. ಹಪ್ಪಳದಷ್ಟು ತೆಳ್ಳಗೆ ಹೇಗೆ ಬಡಿಯುತ್ತೀರೆಂದು ಕೇಳಿದರು. ನಮ್ಮ ಮನೆಯವರು ಹಿಂದಿ ಬಾರದೆ, ಬರಿಗೈಯಲ್ಲಿಯೇ ಗಾಳಿಯಲ್ಲಿ ರೊಟ್ಟಿ ಬಡಿದು ತೋರಿಸಿದರು. ಸೊಸೆಯೂ ಬಂದು ನಿಂತು ನೋಡಿದಳು.

ರೈಲು ಚಿತ್ತೋಡಗಡ ದಾಟಿದ ಮೇಲೆ ಹಸಿವಾಯಿತು. ಬರಿದಾಗಿದ್ದ ನಮ್ಮ ಗಂಟಿನ ಬಟ್ಟೆಯಲ್ಲಿ ಆ ತಾಯಿ ಕಟ್ಟಿಕೊಟ್ಟಿದ್ದ ಮೆಕ್ಕೆಜೋಳದ ದಪ್ಪ ರೊಟ್ಟಿ ಆರು, ಒಂದು ಉಂಡೆ ಬೆಲ್ಲ ಇದ್ದವು. ಇನ್ನೂ ಸ್ವಲ್ಪ ಬೆಚ್ಚಗಿದ್ದವು.